ಎಣ್ಣೆ ಕುಡಿದ ಬ್ರೇಕು

ಹುಣಸೂರು,
ತೊಗಲು ಮಂಡಿ ಹಿಂದಿನ ಬೀದಿ,
ತಾ. ೧೯-೧೧-೧೯೪೩, ಶುಕ್ರವಾರ

ಜಾನ್ ಬೀಯ ಅಬ್ಬಾ ಅವರಿಗೆ ಗುಲ್ಜಾರಳ ಸಲಾಮು.

ನಿಮ್ಮ ಮೈ ಹೇಗಿದೆ? ಬೂಟಿನಿಂದ ಹಿಮ್ಮಡಿ ಒಡೆದಿದೆ ಅಂತ ಹೋದ ಸಲ ಬರೆದಿದ್ದಿರಿ. ಅದು ಮಾಯಿತೋ ಇಲ್ಲವೋ ಅಂತ ಈ ಸಲದ ಕಾಗದದಲ್ಲಿ ಒಂದು ಮಾತೂ ಇಲ್ಲ. ಕೀವು ಕಟ್ಟಿದ್ದರೆ ಮುಚ್ಚಿಡಬೇಡಿ, ದಂಡಿನ ಡಾಕ್ಟರಿಗೆ ತೋರಿಸಿ. ಬೆಂಗಳೂರಿನಲ್ಲಿ ಈಗ ಚಳಿ ಜಾಸ್ತಿ ಅಂತ ಕೇಳಿದೆ. ಮಿಲಿಟರಿಯವರು ಕೊಟ್ಟ ಕಂಬಳಿ ಸಾಕಾಗುತ್ತದೋ, ಅದನ್ನೂ ಯಾರಿಗಾದರೂ ಕೊಟ್ಟು ನೀವು ಬರಿ ನೆಲದ ಮೇಲೆ ಮಲಗಿದ್ದೀರೋ ಅಂತ ನನಗೆ ಇದೇ ಯೋಚನೆ. ಜಾನ್ ಬೀ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದರೆ ಕೆಮ್ಮು ಇದೆ, ಜ್ವರ ಇಲ್ಲ. ಯಾರಾದರೂ ಬಾಗಿಲು ಬಡಿದರೆ ಮಾತ್ರ ಮಂಚದ ಕೆಳಗೆ ಹೋಗಿ ಕೂತುಬಿಡುತ್ತಾಳೆ. ಯಾಕೆ ಅನ್ನುವುದನ್ನು ಮುಂದೆ ಬರೆಯುತ್ತೇನೆ. ನನ್ನ ಅಕ್ಷರ ನೋಡಿ ನಗಬೇಡಿ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಕಿತ್ತುಕೊಂಡು ಒಲೆ ಮುಂದೆ ಕೂರಿಸಿದರು. ಆವತ್ತಿನಿಂದ ನಾನು ಬರೆಯುವುದೇ ನಿಮಗೊಬ್ಬರಿಗೆ.

ನಿಮ್ಮ ಕಾಗದ ಬಂತು. ರಜಾ ಮಂಜೂರಾಗಿದೆ, ಬರುತ್ತೇನೆ ಅಂತ ಬರೆದಿದ್ದೀರಿ. ಬರಬೇಡಿ. ಹೆಂಡತಿಯಾದವಳು ಗಂಡನಿಗೆ ಬರೆಯುವ ಮಾತಲ್ಲ ಇದು. ಆದರೂ ಈಗ ಬರಬೇಡಿ. ‘ನಸೀರನ ಎರಡು ಕಾಲೂ ಮುರೀತೀನಿ, ಆಮೇಲೆ ಯಾವ ಬ್ರೇಕ್ ತುಳೀತಾನೋ ನೋಡ್ತೀನಿ’ ಅಂತ ಬರೆದಿದ್ದೀರಲ್ಲ, ನೀವು ಹೇಳಿದರೆ ಮಾಡುವವರು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಆ ಕಾಗದವನ್ನು ನಿಮ್ಮ ಅಬ್ಬಾ ಎದುರಿಗೆ ಓದುವಾಗ ಆ ಸಾಲು ಬಂದ ಕೂಡಲೇ ಕೆಮ್ಮು ಬಂದವಳ ಹಾಗೆ ಮಾಡಿ ಹಾರಿಸಿದೆ. ಅಬ್ಬಾಗೆ ಕನ್ನಡ ಓದಲು ಬರುವುದಿಲ್ಲವಲ್ಲ, ತಲೆ ಆಡಿಸಿದರು. ನಿಮ್ಮ ತಮ್ಮ ನಸೀರ ಮಾತ್ರ ಮಲಗಿದ್ದಲ್ಲಿಂದಲೇ ಕೈ ಚಾಚಿ ಕಾಗದ ಇಸಿದುಕೊಂಡು ಓದಿದ. ಓದಿ ಮಡಿಸಿ ಕೊಟ್ಟು, ‘ಒಂದ್ ಕಾಲು ಆಗ್ಲೇ ಮುರ್ದವ್ರೆ ಭಾಬಿ, ಭಾಯಿಗೆ ಅರ್ಧ ಕೆಲ್ಸ ಉಳೀತು’ ಅಂದ. ನಕ್ಕ ಅಂತಲೂ ಅನ್ನಿಸಿತು. ಮುಂದಿನ ಹಲ್ಲಿಲ್ಲದ ಬಾಯಿ, ನಗುವೋ ಅಳುವೋ ಗೊತ್ತಾಗುವುದಿಲ್ಲ.

ನಿಮಗೆ ಗೊತ್ತಿರುವುದು ಮೈಸೂರು ಬಸ್ಸಿನ ಕಂಡಕ್ಟರ್ ಲಿಂಗಯ್ಯನವರು ಹೇಳಿ ಕಳಿಸಿದಷ್ಟು: ನಸೀರ ಇಳುಕಲಿನಲ್ಲಿ ಎಂಜಿನ್ನಿನ ಹಿಡಿತ ಬಿಟ್ಟು ಬ್ರೇಕ್ ನಂಬಿ ಲಾರಿ ಇಳಿಸಿದ, ಬ್ರೇಕ್ ಹೋಯಿತು, ಲಾರಿಯ ಆಳು ಕೆಂಚ ಸತ್ತ. ಅಷ್ಟೂ ನಿಜ. ಆದರೆ ಅಷ್ಟೇ ಅಲ್ಲ. ಪೂರ್ತಿ ಬರೆಯುತ್ತೇನೆ, ಓದುವವರೆಗೂ ಎದ್ದು ಹೊರಡಬೇಡಿ.

ನೀವು ಇಲ್ಲಿದ್ದಾಗ ಇಬ್ಬರೂ ಊಟಕ್ಕೆ ಕೂತರೆ ಇದೇ ಜಗಳ. ‘ಯಾವ ಗೇರ್‌ನಲ್ಲಿ ಅತ್ತುತೀಯೋ ಅದೇ ಗೇರ್‌ನಲ್ಲಿ ಇಳೀಬೇಕು ಕಣ್ಲಾ. ಎಂಜಿನ್ನೇ ಗಾಡೀನ ಇಂದಕ್ಕೆ ಇಡ್ಕೊತದೆ. ಬ್ರೇಕು ನಿಲ್ಸಕ್ಕಿರೋದು, ಇಳಿಯಕ್ಕಲ್ಲ’ ಅಂತ ನೀವು. ಅವನು ಮುದ್ದೆ ಮುರಿಯುತ್ತಾ, ‘ಬ್ರೇಕಿನ ಪಟ್ಟಿ ಸವೆದ್ರೆ ಅಬ್ಬಾ ಒಲ್ಕೊಡ್ತಾರೆ. ಎಂಜಿನ್ ಸವೆದ್ರೆ ಯಾರ್ ಅಬ್ಬಾ ಒಲೀತಾರೆ ಭಾಯಿ?’ ನಾನು ಸಾರು ಬಡಿಸುತ್ತಾ ಇಬ್ಬರ ಕೈಯನ್ನೇ ನೋಡುತ್ತಿದ್ದೆ, ಯಾರು ಮೊದಲು ತಟ್ಟೆ ಎಸೆಯುತ್ತಾರೋ ಅಂತ. ಅವನ ಮಾತೂ ಪೂರ್ತಿ ಸುಳ್ಳಲ್ಲ ನೋಡಿ. ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ, ಲಾರಿಯ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಹೊಗೆಯಲ್ಲಿ ಓಡಿಸುವ ಹಾಗಾಯಿತು. ಇಳುಕಲಿನಲ್ಲಿ ಗೇರು ಹಾಕಿ ಹಿಡಿದರೆ ಎಂಜಿನ್ನು ಉಸಿರು ಕಟ್ಟಿದವರ ಹಾಗೆ ಆ ಒಲೆಯ ಬೂದಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಬೂದಿ ಒಳಗೋಡೆಯನ್ನು ಉಜ್ಜಿ ತಿನ್ನುತ್ತದೆ ಅಂತ ನಸೀರ ಹೇಳುತ್ತಿದ್ದ. ಎಂಜಿನ್ನು ಬಿಚ್ಚಿದಾಗ ಗೀರುಗಳನ್ನು ನೀವೇ ಕಂಡಿರಿ. ‘ಸವೀಲಿ ಬುಡು, ಜೀವಕ್ಕಿಂತ ಎಚ್ಚಾ’ ಅಂದಿರಿ. ಅದೂ ಸರಿಯೇ. ಇಬ್ಬರೂ ಸರಿ ಇದ್ದ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ.

ಲಾರಿಯ ಯಜಮಾನರು, ಮರದ ಕಂಟ್ರಾಕ್ಟರು ರುದ್ರಸ್ವಾಮಿಯವರಿಗೆ ನಿಮ್ಮ ಮಾತು ಸರಿ ಕಾಣಲಿಲ್ಲ. ಗೀರು ಬಿದ್ದ ಪಿಸ್ಟನ್ನನ್ನೇ ಎತ್ತಿ ಶೆಡ್ಡಿನಲ್ಲಿ ಎಲ್ಲರೆದುರು ನಿಮ್ಮ ಮುಖಕ್ಕೆ ಹೊಡೆದರು. ಹುಬ್ಬು ಸೀಳಿತು. ನೀವು ಕಣ್ಣಿನ ರಕ್ತ ಒರೆಸಿಕೊಂಡು, ಎಂಜಿನ್ ತಿರುಗಿಸುವ ಹ್ಯಾಂಡಲ್ ತೆಗೆದು ಅವರ ಮೊಣಕೈಗೆ ಬಾರಿಸಿದಿರಿ. ಒಣ ಸೌದೆ ಮುರಿದ ಹಾಗೆ ಸದ್ದಾಯಿತಂತೆ. ನೀವು ಆ ಸಂಜೆಯೇ ಮೈಸೂರಿಗೆ ಹೋಗಿ ಮಿಲಿಟರಿಗೆ ಡ್ರೈವರಾಗಿ ಸೇರಿದಿರಿ. ಆಮೇಲೆ ಇಲ್ಲಿ ಏನಾಯಿತು ಅನ್ನುವುದನ್ನು ನಿಮಗೆ ಯಾರೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ರುದ್ರಸ್ವಾಮಿಯವರು ನಮ್ಮ ಜಗಲಿಗೇ ಬಂದರು. ‘ನಿನ್ ದೊಡ್ ಮಗನ್ನ ಜೈಲ್‌ಗಾಕ್ಸದು ಬ್ಯಾಡ ಅಂದ್ರೆ ಚಿಕ್ಕೋನು ಸ್ಟೇರಿಂಗ್ ಇಡೀಲಿ ಪಾಷಾ. ನಾನ್ ಏಳ್ದಂಗೆ ಓಡಿಸ್ಲಿ. ಇಳುಕಲಲ್ಲಿ ಎಂಜಿನ್ ಆರಿಸ್ಬೇಕು, ಬ್ರೇಕ್ ಮ್ಯಾಲೇ ಇಳೀಬೇಕು’ ಅಂದರು. ಅಬ್ಬಾ ಒಪ್ಪಿದರು. ನಸೀರ ನಿಮ್ಮ ಮೇಲಿನ ಹಟಕ್ಕೆ ಹಾಗೆ ಓಡಿಸಿದ ಅಂತ ನೀವು ತಿಳಿದಿದ್ದೀರಿ. ಅವನಿಗೆ ಹಟವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವನು ಆ ಸೀಟಿನಲ್ಲಿ ಕೂತಿದ್ದು ನಿಮ್ಮನ್ನು ಉಳಿಸುವುದಕ್ಕೆ.

ಬ್ರೇಕಿನ ಪಟ್ಟಿ ಯುದ್ಧಕ್ಕೆ ಮುಂಚೆ ಬರುತ್ತಿದ್ದ ಹಾಗೆ ಈಗ ಎಲ್ಲೂ ಬರುವುದಿಲ್ಲ. ಅಬ್ಬಾ ಎಮ್ಮೆ ಚರ್ಮ ಕತ್ತರಿಸಿ, ತಾಮ್ರದ ಮೊಳೆ ಹೊಡೆದು ಪಟ್ಟಿ ಮಾಡಿಕೊಡುತ್ತಿದ್ದರು. ಮೊದಮೊದಲು ಮಾಡಿದ್ದು ಬರೀ ಒಣ ಚರ್ಮ. ಎಂಜಿನ್ನು ತಣ್ಣಗೆ ಉಳಿಯಿತು, ಹೊಸದರ ಹಾಗೆ ಓಡಿತು, ರುದ್ರಸ್ವಾಮಿ ಹೋದಲ್ಲೆಲ್ಲ ಹೇಳಿಕೊಂಡರು. ಪಟ್ಟಿ ಮಾತ್ರ ಬೇಗ ಬೇಗ ಸುಟ್ಟು ಕರಕಾಗುತ್ತಿತ್ತು, ಚಕ್ರ ಇಳುಕಲಿನುದ್ದಕ್ಕೂ ಹಂದಿ ಕುಯ್ಯುವಾಗಿನ ಹಾಗೆ ಕಿರುಚುತ್ತಿತ್ತು. ಒಂದು ದಿನ ಮಂಡಿಯ ಮುಂದೆ, ನಾಲ್ಕು ಜನ ಸಾಬರು ನಿಂತಿದ್ದಾಗ, ರುದ್ರಸ್ವಾಮಿ ಸುಟ್ಟ ಪಟ್ಟಿಯನ್ನು ಅಬ್ಬಾರ ಕಾಲ ಬಳಿ ಎಸೆದು, ‘ನಿನ್ ಚರ್ಮ ಅಪ್ಪಳದಂಗೆ ಸುಡ್ತದಲ್ಲಯ್ಯಾ, ನಿಮ್ಮಪ್ಪ ಕಲ್ಸಿದ್ದು ಇದೇನಾ’ ಅಂದರು. ಅಬ್ಬಾ ಆ ದಿನ ಊಟ ಮಾಡಲಿಲ್ಲ. ನಿಮಗೆ ಗೊತ್ತಲ್ಲ, ಅವರು ಪ್ರಾಯದಲ್ಲಿ ಕಾಫಿ ತೋಟದ ದೊರೆಯ ಹಳೇ ಕಾರಿಗೆ ಕ್ಲಚ್ಚಿನ ಚರ್ಮ ಹಾಕಿಕೊಟ್ಟು ಶಾಲು ಹೊದಿಸಿಕೊಂಡವರು. ಆ ಚರ್ಮಕ್ಕೆ ಎಣ್ಣೆ ಕುಡಿಸಿದರೇ ಮೆತ್ತಗೆ ಹಿಡಿಯುತ್ತಿತ್ತು, ಒಣಗಿದರೆ ಹರಿಯುತ್ತಿತ್ತು. ಎಣ್ಣೆ ಕುಡಿಸದೆ ಚರ್ಮ ಮನೆಯಿಂದ ಆಚೆ ಕಳಿಸಬಾರದು ಅನ್ನುವುದು ಅವರ ಇಡೀ ಬದುಕಿನ ಮಾತು. ಈ ಸಲದ ಪಟ್ಟಿಯನ್ನು ಮೀನೆಣ್ಣೆ, ಕೊಬ್ಬು ಕಲಸಿ ಅದ್ದಿಟ್ಟರು. ತೆಗೆದು ಬಟ್ಟೆಯಲ್ಲಿ ಒರೆಸಿ, ಕನ್ನಡಿ ಹಾಗೆ ಹೊಳೆಯುವುದನ್ನು ಬಿಸ್ಮಿಲ್ಲಾ ಹೇಳಿ ನಸೀರನ ಕೈಗೆ ಕೊಟ್ಟರು. ನಾನು ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದೆ. ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಖಾಲಿ ಲಾರಿ ಹೋಗುವಾಗ ಬ್ರೇಕು ಹಿಡಿಯಿತು, ಕಿರುಚುವುದೂ ನಿಂತಿತ್ತು. ನಸೀರನೇ ಖುಷಿಯಾಗಿದ್ದನಂತೆ.

ಕಾಕನಕೋಟೆಯಿಂದ ದಿಮ್ಮಿ ತುಂಬಿಕೊಂಡು ಬರುವಾಗ, ಅಂತರಸಂತೆಗೆ ಮುಂಚೆ, ನೀವು ಹೇಳುತ್ತಿದ್ದಿರಲ್ಲ ಆನೆಗುಂಡಿ ಇಳುಕಲು, ಅಲ್ಲಿ ಆಗಿದ್ದು. ಇದನ್ನು ನಸೀರ ಜ್ವರದಲ್ಲಿ ತುಂಡು ತುಂಡಾಗಿ ಹೇಳಿದ, ನಾನು ಜೋಡಿಸಿ ಬರೆಯುತ್ತಿದ್ದೇನೆ. ಮೊದಲ ತಿರುವಿನವರೆಗೂ ಬ್ರೇಕು ಹಿಡಿಯಿತು. ಭಾರಕ್ಕೆ ಚಕ್ರ ಕಾಯಿತು, ಕಾದ ಕೂಡಲೇ ಚರ್ಮ ಕುಡಿದಿದ್ದ ಎಣ್ಣೆಯನ್ನೆಲ್ಲ ಕಕ್ಕಿತು. ಪೆಡಲು ತುಳಿದರೆ ಬೆಣ್ಣೆ ತುಳಿದ ಹಾಗಂತೆ. ಎರಡು ಕಾಲಿನಲ್ಲೂ ನಿಂತು ತುಳಿದನಂತೆ. ಗೇರಿಗೆ ಹಾಕಲು ಹೋದ. ಎಂಜಿನ್ನು ಆರಿತ್ತು, ಗಾಡಿ ಓಡುತ್ತಿತ್ತು, ಗೇರು ಹಲ್ಲು ಕಡಿದು ಹಿಂದಕ್ಕೆ ಒದೆಯಿತು. ಎಡಗೈಯ ಹೆಬ್ಬೆರಳು ಅಲ್ಲೇ ಮುರಿಯಿತು. ಕೆಂಚ ಹಿಂದೆ ನೇತಾಡುತ್ತಿದ್ದ. ಚಕ್ರಕ್ಕೆ ಅಡ್ಡಮರ ಕೊಡುವ ಕೆಲಸ ಅವನದು. ನಿಮ್ಮ ಕಾಲದಲ್ಲಿ ಲಾರಿ ನಿಂತ ಮೇಲೆ ಇಳಿದು ನಿಧಾನಕ್ಕೆ ಇಡುತ್ತಿದ್ದನಲ್ಲ. ಬ್ರೇಕಿನ ಮೇಲೇ ಇಳಿಯುವುದು ಶುರುವಾದಾಗಿನಿಂದ, ಚಕ್ರ ತಣಿಯಲಿ ಅಂತ ಓಡುವ ಗಾಡಿಯಿಂದ ಹಾರಿ ಮುಂದೆ ಓಡಿ ಇಡುವುದು ಅಭ್ಯಾಸವಾಗಿಬಿಟ್ಟಿತ್ತು. ಅವತ್ತೂ ಹಾರಿದ. ಅಡ್ಡಮರ ಇಟ್ಟ. ಚಕ್ರ ಅದರ ಮೇಲೆ ಹತ್ತಿ ಅದನ್ನು ಪಕ್ಕಕ್ಕೆ ಒಗೆದು, ಕೆಂಚನ ಸೊಂಟದಿಂದ ಎದೆಯವರೆಗೆ ಹೋಯಿತು. ಲಾರಿ ಒಂದು ಮತ್ತಿ ಮರಕ್ಕೆ ಗುದ್ದಿತು. ಸರಪಳಿ ಕಿತ್ತು ಒಂದು ದಿಮ್ಮಿ ನಸೀರನ ತಲೆ ಪಕ್ಕದಿಂದ ಗಾಜು ಒಡೆದುಕೊಂಡು ಆಚೆ ಹೋಯಿತು. ಅದು ಒಂದು ಗೇಣು ಈಚೆ ಬಂದಿದ್ದರೆ ನೀವು ಕಾಗದದಲ್ಲಿ ಬೈಯುವುದಕ್ಕೂ ಯಾರೂ ಇರುತ್ತಿರಲಿಲ್ಲ.

ದಿಮ್ಮಿ ತುಂಬುವ ಆಳುಗಳು ಹಿಂದೆಯೇ ನಡೆದು ಬರುತ್ತಿದ್ದರು. ಎಲ್ಲ ಕಾಡಿನೊಳಗಿನ ಕೆಂಚನ ಹಾಡಿಯವರೇ, ಮುಂದೆ ಅವನ ತಮ್ಮ ಹುಚ್ಚ. ನಸೀರನನ್ನು ಕಾಲು ಹಿಡಿದು ಈಚೆಗೆಳೆದರು. ಒಡೆದ ಗಾಜಿನ ಮೇಲೇ ಎಳೆದರು, ಬೆನ್ನೆಲ್ಲ ಉತ್ತ ಹೊಲದ ಹಾಗಿದೆ. ಹುಚ್ಚ ಅದೇ ಅಡ್ಡಮರ ಎತ್ತಿಕೊಂಡು ಮೊದಲು ಬಾಯಿಗೆ ಹೊಡೆದ, ಆಮೇಲೆ ಮೊಣಕಾಲಿಗೆ. ಮೊಣಕಾಲಿಗೆ ಎಷ್ಟು ಸಲ ಅಂತ ನಸೀರನಿಗೆ ಗೊತ್ತಿಲ್ಲ. ‘ತುಳೀಲಾ, ಈಗ್ ತುಳೀಲಾ’ ಅಂತ ಹೊಡೆದನಂತೆ. ಇನ್ನೊಬ್ಬ ಕಿವಿ ಹಿಡಿದೆಳೆದು ಅರ್ಧ ಹರಿದ. ಯಾರೋ ಕುಡುಗೋಲು ತಂದರು. ಅಷ್ಟರಲ್ಲಿ ಹಾಡಿಯಿಂದ ಕೆಂಪಿ ಓಡಿ ಬಂದಳು, ಕೆಂಚನ ಹೆಂಡತಿ. ಗಂಡನ ಹತ್ತಿರ ಕೂತು ಅವನ ಎದೆ ಮೇಲೆ ಕೈಯಿಟ್ಟಳು, ಆ ಕೈ ಒಳಕ್ಕೆ ಹೋಯಿತಂತೆ. ಎದ್ದು ಬಂದು ನಸೀರನ ಕೂದಲು ಹಿಡಿದು ಮುಖ ಎತ್ತಿದಳು. ‘ಸಾಯ್ಸಬ್ಯಾಡಿ. ಯಾಕಂತ ಏಳ್ಲಿ. ಯಾಕಂತ ಗೊತ್ತಾಗ್ದೆ ಇವನ್ ಸತ್ರೆ ನಂಗೇನ್ ಬಂತು’ ಅಂದಳು. ನಸೀರನಿಗೆ ಮೂಗಿಗೆ ಮೀನೆಣ್ಣೆ ವಾಸನೆ ಹೊಡೆಯುತ್ತಿತ್ತು, ಸುಟ್ಟ ಚಕ್ರದ್ದು. ಅಲ್ಲೇ ಅವನಿಗೆ ಅರ್ಥವಾಗಿತ್ತು. ಆದರೆ ಬಾಯಿ ತುಂಬ ರಕ್ತ ಇಟ್ಟುಕೊಂಡು, ‘ನಾನೇ ಕಣವ್ವ. ತುಳ್ದು ತುಳ್ದು ಬ್ರೇಕ್ ಸುಟ್ಟಾಕ್ದೆ’ ಅಂದ. ‘ನಿಮ್ ಗಾಡಿ ಸವೀಬಾರ್ದು ಅಂತ ನನ್ ಗಂಡನ್ನ ಸವೆಸಿದ್ರಲ್ಲಾ’ ಅಂತ ಅವಳು ಅದೇ ಕೈಯಲ್ಲಿ ಅವನ ಕೆನ್ನೆಗೆ ಹೊಡೆದಳು. ಹೊಡೆದು ಬಿಟ್ಟುಬಿಟ್ಟಳು. ಅವಳು ಬಿಟ್ಟಿದ್ದರಿಂದ ಉಳಿದವರೂ ಬಿಟ್ಟರು. ನಸೀರ ಜೀವಂತ ಮನೆಗೆ ಬಂದಿದ್ದು ಅವಳಿಂದ.

ರುದ್ರಸ್ವಾಮಿ ಅಷ್ಟಕ್ಕೆ ಬಿಡಲಿಲ್ಲ. ಲಾರಿ ಮುರಿದವರು ಹಾಡಿಯವರು ಅಂತ ನೆಪ ಮಾಡಿ, ತಮ್ಮ ಹುಣಸೂರಿನ ಆಳುಗಳನ್ನು ಕರೆದುಕೊಂಡು ಹೋಗಿ ಗುಡಿಸಲುಗಳಿಗೆ ಬೆಂಕಿ ಇಡಿಸಿದರು. ಕೆಂಪಿಯದು ಮೊದಲು. ಹುಚ್ಚನನ್ನು ಮರಕ್ಕೆ ಕಟ್ಟಿ ಲಾರಿಯ ಸರಪಳಿಯಲ್ಲಿ ಬೆನ್ನು ಸುಲಿದರಂತೆ. ಈಗ ಆ ಕಡೆ ಹುಣಸೂರಿನ ಮುಖ ಕಂಡರೆ ಬಿಡುವುದಿಲ್ಲ ಅಂತ ಹುಚ್ಚ ಆಣೆ ಇಟ್ಟಿದ್ದಾನೆ. ಗಾಡಿಯವರು ಯಾರೂ ಅತ್ತ ಹೋಗುತ್ತಿಲ್ಲ. ಆಮೇಲೆ ಅದೇ ಆಳುಗಳು ನಮ್ಮ ಮನೆಗೂ ಬಂದರು. ಬಾಗಿಲು ಒದ್ದು ಒಳಗೆ ನುಗ್ಗಿ, ಅಬ್ಬಾ ಕೂತು ಹೊಲಿಯುವ ಮಣೆಯನ್ನು ಒಡೆದರು, ಅಬ್ಬಾರ ಟೋಪಿ ಕಿತ್ತು ಮುಖಕ್ಕೆ ಎರಡು ಬಿಗಿದರು. ಜಾನ್ ಬೀ ಅಜ್ಜನ ಕಾಲು ಕಟ್ಟಿಕೊಂಡಿದ್ದಳು, ಅವಳನ್ನೂ ಕಾಲಿನಿಂದಲೇ ತಳ್ಳಿದರು. ಹೋಗುವಾಗ ಒಂದು ಗೋಣಿ ಚೀಲ ಎಸೆದು, ‘ತಕಳಯ್ಯಾ, ನಿನ್ ಚರ್ಮ. ಸಣ್ಣ ಲಾರಿಗೆ ಒಸಾ ಪಟ್ಟಿ ಮಾಡಿಕ್ಕು, ಇಲ್ದಿದ್ರೆ ಕುಂಟನ ಇನ್ನೊಂದ್ ಕಾಲ್ಗೂ ಬತ್ತೀವಿ’ ಅಂದು ಹೋದರು. ಪೊಲೀಸಿನವರು ಬಂದು, ಲಾರಿ ಉರುಳಿ ಕೂಲಿಯವನು ಸತ್ತ ಅಂತ ಬರೆದುಕೊಂಡು, ನೀರು ಕುಡಿದು ಹೋದರು.

ಆ ಚೀಲ ಬಿಚ್ಚಿದವಳು ನಾನು. ಪಟ್ಟಿಯ ಅಂಚೆಲ್ಲ ಕರಿ, ಆದರೆ ಮುಟ್ಟಿದರೆ ಬೆರಳು ಜಾರಿತು. ಹಿಂಡಿದೆ. ಸುಟ್ಟ ಚರ್ಮದ ಒಳಗಿಂದ ಎಣ್ಣೆ ಬಂತು. ತೊಗಲಿನವರ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು, ಆ ವಾಸನೆ ನನಗೆ ಗೊತ್ತಾಗದೇ ಇರುತ್ತದೆಯೇ. ಕ್ಲಚ್ಚಿಗೆ ಎಣ್ಣೆ ಬೇಕು, ಬ್ರೇಕಿಗೆ ಎಣ್ಣೆ ಸೋಕಬಾರದು, ಇಷ್ಟೇ. ಅದನ್ನು ಹಿಡಿದುಕೊಂಡು ನಸೀರನ ಹತ್ತಿರ ಹೋಗಿ, ಇದೇನು ಅಂದೆ. ಅವನು ಮಲಗಿದ್ದವನು ನನ್ನ ಮಣಿಕಟ್ಟು ಹಿಡಿದು ಬಳೆ ಒಡೆಯುವ ಹಾಗೆ ತಿರುಚಿದ. ಎರಡು ಬಳೆ ಒಡೆದು ಒಳಕ್ಕೆ ಚುಚ್ಚಿತು, ಕೈ ಬಿಡಲಿಲ್ಲ. ‘ಅಬ್ಬಾ ಕಿವಿಗೆ ಈ ಮಾತ್ ಬಿದ್ರೆ ಇದೇ ತೊಲೆಗೆ ನೇತಾಕ್ಕೊತೀನಿ ಭಾಬಿ. ಜನ ನನ್ನ ಕೊಲೆಗಾರ ಅನ್ಲಿ. ಅವರು ತಮ್ಮನ್ನ ತಾವೇ ಅಂಗಂದ್ಕೋಬಾರ್ದು’ ಅಂದ. ಅಂದು ಅತ್ತ. ಅವನು ಅಳುವುದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಇದೇ ಮೊದಲು. ಪಟ್ಟಿಯನ್ನು ಒಲೆಗೆ ಹಾಕಿದೆ. ಎಷ್ಟು ಉರಿಯಿತು ಅಂದರೆ, ದೀಪದ ಹಾಗೆ ಉರಿಯಿತು. ಅಬ್ಬಾ ಹೊರಗಿನಿಂದ, ಏನಮ್ಮಾ ವಾಸನೆ ಅಂದರು. ಬೆಕ್ಕು ಮೀನು ತಂದಿತ್ತು ಅಂದೆ.

ಇದು ಈಗ ಮೂರು ಜನಕ್ಕೆ ಗೊತ್ತು, ನನಗೆ, ನಸೀರನಿಗೆ, ಇದನ್ನು ಓದಿದ ಮೇಲೆ ನಿಮಗೆ. ನೀವು ಬಂದು ನಸೀರನ ಮೇಲೆ ಕೈ ಎತ್ತಿದರೆ ಅವನು ಬಾಯಿ ಬಿಡುವುದಿಲ್ಲ, ಹೊಡೆಸಿಕೊಂಡು ಸಾಯುತ್ತಾನೆ. ನೋಡಿಕೊಂಡು ನನಗೆ ಬಾಯಿ ಕಟ್ಟಲು ಆಗುವುದಿಲ್ಲ, ಹೇಳಿಬಿಡುತ್ತೇನೆ. ಹೇಳಿದರೆ ಅಬ್ಬಾ ಉಳಿಯುವುದಿಲ್ಲ. ಅದಕ್ಕೇ ಬರಬೇಡಿ ಅಂದಿದ್ದು. ನಿಮ್ಮ ಸಿಟ್ಟು ಇಳಿದ ಮೇಲೆ ಬನ್ನಿ. ಇಳಿಯುವುದಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ ಅಲ್ಲೇ ಇರಿ, ನಾನು ಹೇಗೋ ತಳ್ಳುತ್ತೇನೆ.

ಇನ್ನೊಂದು ಹೆದರಿಕೆ ಇದೆ, ಅದನ್ನೂ ಬರೆದುಬಿಡುತ್ತೇನೆ. ರುದ್ರಸ್ವಾಮಿಯವರ ಇನ್ನೊಂದು ಸಣ್ಣ ಲಾರಿಗೆ ಪಟ್ಟಿ ಬೇಕು ಅಂದರಲ್ಲ, ಅಬ್ಬಾ ಒಡೆದ ಮಣೆಗೆ ಹಗ್ಗ ಕಟ್ಟಿಕೊಂಡು ಕೂತಿದ್ದಾರೆ. ಚರ್ಮ ಕತ್ತರಿಸಿ ಆಯಿತು. ಎಣ್ಣೆ ಕೇಳಿದರು. ಚೆಲ್ಲಿಹೋಯಿತು ಅಂದೆ, ಚರಂಡಿಗೆ ನಾನೇ ಸುರಿದಿದ್ದೆ. ತಾವೇ ಮಂಡಿಗೆ ಹೋಗಿ ತಂದರು. ಅದನ್ನೂ ಚೆಲ್ಲಿದೆ. ‘ನಿನ್ ಕೈಗೆ ಏನಾಗದೆ ತಾಯಿ’ ಅಂತ ನನ್ನ ಗಾಯದ ಮಣಿಕಟ್ಟು ನೋಡಿ, ಪಾಪ, ಅದಕ್ಕೇ ಕೈ ಜಾರುತ್ತದೆ ಅಂದುಕೊಂಡು ಅರಿಶಿನ ಹಚ್ಚಿದರು. ಮತ್ತೆ ಹೋಗಿ ತಂದಿದ್ದಾರೆ. ಪಟ್ಟಿ ಈಗ ಎಣ್ಣೆಯಲ್ಲಿದೆ. ತಗೊಂಡು ಹೋಗಲು ನಾಡಿದ್ದು ಬರುತ್ತಾರೆ. ಸಣ್ಣ ಲಾರಿಯ ಹಿಂದೆಯೂ ಅಡ್ಡಮರ ಹಿಡಿದು ಓಡುವವನು ಒಬ್ಬ ಇದ್ದಾನಲ್ಲ, ಅವನ ಮನೆಯಲ್ಲೂ ಕೆಂಪಿಯಂಥವಳು ಒಬ್ಬಳು ಇರುತ್ತಾಳೆ. ಹೇಳಿದರೆ ಅಬ್ಬಾ ಹೋಗುತ್ತಾರೆ, ಹೇಳದಿದ್ದರೆ ಇನ್ಯಾರೋ ಹೋಗುತ್ತಾರೆ. ನಾಡಿದ್ದರೊಳಗೆ ಏನು ಮಾಡಲಿ ಅಂತ ಒಂದು ಮಾತು ಬರೆಯಿರಿ, ರಾತ್ರಿ ರೈಲಿನಲ್ಲಿ ಬರುವ ಯಾರ ಕೈಲಾದರೂ ಮೈಸೂರಿನಲ್ಲಿ ಲಿಂಗಯ್ಯನವರಿಗೆ ತಲುಪಿಸಿ. ನಿಮ್ಮ ಮಾತು ಬರುವವರೆಗೆ ನಾನು ಒಲೆಯ ಹತ್ತಿರ ಕೂತಿರುತ್ತೇನೆ, ನಿದ್ದೆಯಂತೂ ಇಲ್ಲ.

ಹಿಮ್ಮಡಿಗೆ ಬೇವಿನೆಣ್ಣೆ ಹಚ್ಚಿ. ಊಟ ಬಿಡಬೇಡಿ. ಯಾರ ಜೊತೆಗೂ ಕೈ ಮಿಲಾಯಿಸಬೇಡಿ, ಮಿಲಿಟರಿಯಲ್ಲಿ ಕೇಳುವವರಿರುವುದಿಲ್ಲ. ಅಬ್ಬಾರ ದುವಾ ನಿಮ್ಮ ಮೇಲಿದೆ, ಪ್ರತಿ ನಮಾಜಿನಲ್ಲೂ ನಿಮ್ಮ ಹೆಸರು ಹ್ಯಾಗೋ ನಸೀರನ ಹೆಸರೂ ಹಾಗೆ. ಜಾನ್ ಬೀ ಮುತ್ತು ಕೊಟ್ಟಿದ್ದಾಳೆ. ದೇವರು ನಿಮ್ಮ ಗಾಡಿಯನ್ನೂ ನಿಮ್ಮನ್ನೂ ಕಾಪಾಡಲಿ.

ಇಂತಿ,
ನಿಮ್ಮ ಗುಲ್ಜಾರ್ ಬೀ

ತಾ.ಕ. ಶನಿವಾರ ಬೆಳಿಗ್ಗೆ. ಕಾಗದ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ, ಲಿಂಗಯ್ಯನವರ ಬಸ್ಸು ಹಾರ್ನು ಹೊಡೆಯುತ್ತಿದೆ. ರುದ್ರಸ್ವಾಮಿಯ ಆಳು ನಾಡಿದ್ದು ಬರುವುದು ಬಿಟ್ಟು ಈಗಲೇ ಬಂದ. ಅಬ್ಬಾ ಪಟ್ಟಿ ಸುತ್ತಿ ಕೊಡಲು ಎದ್ದರು. ನಾನು ಕಿತ್ತುಕೊಂಡೆ. ಅಬ್ಬಾ ನನ್ನ ಕೆನ್ನೆಗೆ ಹೊಡೆದರು, ಹೊಡೆದು ತಾವೇ ಬೆಚ್ಚಿದರು. ಆಗ ಹೇಳಿಬಿಟ್ಟೆ, ಎಲ್ಲ ಹೇಳಿಬಿಟ್ಟೆ. ‘ಔದೇನ್ಲಾ’ ಅಂತ ನಸೀರನನ್ನು ಕೇಳಿದರು. ಅವನು ಗೋಡೆ ಕಡೆ ತಿರುಗಿಕೊಂಡ. ಅಬ್ಬಾ ಚರ್ಮ ಕುಯ್ಯುವ ರಾಪಿ ತೆಗೆದು ಪಟ್ಟಿಯನ್ನೆಲ್ಲ ಚೂರು ಚೂರು ಮಾಡಿದರು, ಅಂಗೈಯೂ ಸೀಳಿಹೋಯಿತು, ನೋಡಿಕೊಳ್ಳಲಿಲ್ಲ. ಟವಲು ಸುತ್ತಿಕೊಂಡು, ‘ಆ ಎಣ್ಮಗಳು ಯಾಕೆ ಅಂತ ಕೇಳವ್ಳೆ. ನಮ್ಮನೇವ್ನು ಅವಳ್ಗೆ ಸುಳ್ಳೇಳವ್ನೆ’ ಅಂದು ಕೋಟೆ ಊರಿನವರೆಗೆ ಮಾತ್ರ ಹೋಗುವ ಗಾಡಿ ಹತ್ತಿದರು. ಅಲ್ಲಿಂದ ಕಾಕನಕೋಟೆಗೆ ಕಾಲ್ನಡಿಗೆ, ಒಬ್ಬರೇ. ನಾನು ಕಾಲು ಹಿಡಿದೆ, ಬಿಡಿಸಿಕೊಂಡರು. ನಸೀರ ಬೀದಿಯವರೆಗೆ ತೆವಳಿಕೊಂಡು ಹೋಗಿ ಅಲ್ಲೇ ಬಿದ್ದಿದ್ದಾನೆ, ಅವನನ್ನೂ ಮಗುವನ್ನೂ ಬಿಟ್ಟು ನಾನು ಹೋಗುವ ಹಾಗಿಲ್ಲ. ಮೇಲೆ ಬರಬೇಡಿ ಅಂತ ಬರೆದಿದ್ದನ್ನು ಹೊಡೆದುಹಾಕಿ. ಬನ್ನಿ. ಮಿಲಿಟರಿಯವರು ಬಿಡದಿದ್ದರೆ ಕೇಳದೆಯೇ ಬನ್ನಿ. ಹುಣಸೂರಿಗೆ ಬರಬೇಡಿ, ಮೈಸೂರಿನಿಂದ ನೇರ ಕೋಟೆ ರಸ್ತೆ ಹಿಡಿಯಿರಿ. ಅಬ್ಬಾ ಹುಚ್ಚನ ಕೈಗೆ ಸಿಗುವ ಮೊದಲು ಕೆಂಪಿಯ ಕಣ್ಣಿಗೆ ಬೀಳಲಿ ಅಂತ ಕೇಳಿಕೊಳ್ಳುತ್ತಾ ಇಲ್ಲೇ ಬಾಗಿಲಲ್ಲಿ ನಿಂತಿದ್ದೇನೆ.